ಭಾವನವರು ಮಾಡಿದ ನಿಯಮ

ನಮ್ಮ ಅಕ್ಕ ಸಾವಿತ್ರಮ್ಮನ ಗಂಡ ಡಾಕ್ಟರ್ ದಕ್ಷಿಣಾಮೂರ್ತಿ ಚಿಂತಾಮಣಿಯಲ್ಲಿ ಬಹಳ ವರ್ಷ ಔಷಧಿ ಕೊಟ್ಟವರು. ಸುಳ್ಳು ಅಂದರೆ ಆಗದು. ಬಿಟ್ಟ ಚಪ್ಪಲಿ ಕೂಡ ನೆಟ್ಟಗೆ ಇರಬೇಕು. ಮಕ್ಕಳಿಲ್ಲದ ಅವರಿಗೆ ಸಂಘವೇ ಮಗು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಡಾಕ್ಟರುಗಳನ್ನೆಲ್ಲ ಸೇರಿಸಿ ಐವತ್ತಾರನೇ ಇಸವಿಯಲ್ಲಿ ಕಟ್ಟಿದ ವೈದ್ಯರ ಸಂಘಕ್ಕೆ ಅವರೇ ಕಾರ್ಯದರ್ಶಿ. ತಿಂಗಳಿಗೊಂದು ಭಾನುವಾರ, ಒಂದೊಂದು ಸಲ ಒಂದೊಂದು ಊರಲ್ಲಿ ಸಭೆ. ಒಬ್ಬರು ಒಂದು ಕಾಯಿಲೆಯ ಬಗ್ಗೆ ಮಾತಾಡಬೇಕು, ಉಳಿದವರು ಪ್ರಶ್ನೆ ಕೇಳಬೇಕು, ಆಮೇಲೆ ಉಪ್ಪಿಟ್ಟು, ಕಾಫಿ. ಸರಿಯಾಗಿ ಉಪ್ಪಿಟ್ಟಿನ ಹೊತ್ತಿಗೆ ಬರುವ ಮಹನೀಯರೂ ಇದ್ದರು. ಗೌರಿಬಿದನೂರಿನ ಸರದಿಯಲ್ಲಿ ಸಭೆ ನಮ್ಮ ಶಾಲೆಯಲ್ಲೇ. ಮೇಷ್ಟ್ರಾದ ನಾನು ಬೆಂಚು ಜೋಡಿಸಿ, ಹಿಂದೆ ಕೂತು ಎಲ್ಲವನ್ನೂ ಕೇಳುತ್ತಿದ್ದೆ.

ಸಂಘಕ್ಕೆ ಮುಂಚೆ ನಮ್ಮ ಡಾಕ್ಟರುಗಳು ಎಣ್ಣೆ ಸೀಗೆಕಾಯಿ. ಇವರು ಕೊಟ್ಟ ಮಾತ್ರೆಯನ್ನು ಅವರು ಬೈಯುವುದು, ಅವರ ರೋಗಿಯನ್ನು ಇವರು ಎಳೆಯುವುದು. ಶಿಡ್ಲಘಟ್ಟದಲ್ಲಿ ಒಬ್ಬ ಅಜ್ಜಿ ಇಬ್ಬರ ಔಷಧಿಯನ್ನೂ ಒಟ್ಟಿಗೆ ಕುಡಿದು ಸಾಯುವ ಹಾಗಾಗಿತ್ತು. ಅದಕ್ಕೇ ಭಾವ ಒಂದು ನಿಯಮ ತಂದರು: ಒಬ್ಬ ಡಾಕ್ಟರ್ ನೋಡುತ್ತಿರುವ ರೋಗಿಯನ್ನು ಅವರ ಒಪ್ಪಿಗೆ ಇಲ್ಲದೆ ಇನ್ನೊಬ್ಬರು ಮುಟ್ಟಬಾರದು. ಎಲ್ಲರೂ ಕೈ ಎತ್ತಿದರು. ಜಗಳವೂ ನಿಂತಿತು, ಇಲ್ಲ ಅನ್ನುವ ಹಾಗಿಲ್ಲ.

ಆಗ ಶಿಡ್ಲಘಟ್ಟದಲ್ಲಿ ಚನ್ನಕೇಶವ ಅಂತ ಹುಡುಗ ಡಾಕ್ಟರ್ ಬಂದಿದ್ದ. ಜಂಗಮಕೋಟೆ ಕಡೆಯ ಒಕ್ಕಲುಮನೆಯವನು, ಅವರ ವಂಶಕ್ಕೇ ಮೊದಲ ಡಾಕ್ಟರು. ಸಂಘದ ಅಧ್ಯಕ್ಷರಾದ ಚಿಕ್ಕಬಳ್ಳಾಪುರದ ಹಿರಿಯ ಡಾಕ್ಟರ್ ನರಸಿಂಹಪ್ಪ ಒಬ್ಬ ಹೆಂಗಸಿಗೆ ಮಲೇರಿಯಾ ಅಂತ ಔಷಧಿ ಕೊಡುತ್ತಿದ್ದರು. ಜ್ವರ ಇಳಿಯದೆ ಅವಳು ಇವನ ಹತ್ತಿರ ಬಂದಳು. ಇವನು ನೋಡಿದ, ಟೈಫಾಯ್ಡ್ ಅಂದ, ಗುಣ ಮಾಡಿದ. ಅಧ್ಯಕ್ಷರಿಗೆ ಮೈಯೆಲ್ಲ ಉರಿದುಹೋಯಿತು.

ನಮ್ಮ ಶಾಲೆಯಲ್ಲಿ ನಡೆದ ಮುಂದಿನ ಸಭೆಯಲ್ಲಿ ಚನ್ನಕೇಶವನನ್ನು ನಿಲ್ಲಿಸಿದರು. "ಅವಳು ಸಾಯ್ತಿದ್ಲು ಸಾರ್," ಅಂದ.

"ಬದುಕಿದ್ದು ಬೇರೆ ಮಾತು, ನಿಯಮ ಬೇರೆ ಮಾತು," ಅಂದರು ನಮ್ಮ ಭಾವ.

ಅವನು ಎಲ್ಲರ ಮುಂದೆ ಅಧ್ಯಕ್ಷರಿಗೆ ಕೈಮುಗಿದು ಕ್ಷಮೆ ಕೇಳಿದ. ಹಿಂದಿನ ಬೆಂಚಿನಿಂದ ನಾನು ನೋಡುತ್ತಿದ್ದೆ. ನನಗೆ ಭಾವನ ಮೇಲೆ ಕೆಟ್ಟ ಕೋಪ ಬಂತು, ಆದರೆ ಮೇಷ್ಟ್ರ ಕೋಪ ಯಾರಿಗೆ ಬೇಕು? ಮೂರು ತಿಂಗಳಲ್ಲಿ ಹುಡುಗ ಸಂಘ ಬಿಟ್ಟ, ಶಿಡ್ಲಘಟ್ಟವನ್ನೂ ಬಿಟ್ಟು ತೊಂಡೇಬಾವಿ ಸ್ಟೇಷನ್ ಹತ್ತಿರ ಕೋಣೆ ಹಿಡಿದ.

ಎರಡು ವರ್ಷವಾದ ಮೇಲೆ ಕೆಂಚಾರ್ಲಹಳ್ಳಿಯ ಆಂಜಿನಮ್ಮ ಅನ್ನುವವಳು ಮಗುವನ್ನು ಎತ್ತಿಕೊಂಡು ಭಾವನ ಬಾಗಿಲಿಗೆ ಬಂದಳು. ಚಿಂತಾಮಣಿಯ ಇನ್ನೊಬ್ಬ ಡಾಕ್ಟರು ಮಗುವಿನ ಗಂಟಲಿಗೆ ಔಷಧಿ ಹಚ್ಚುತ್ತಿದ್ದರು, ಅವತ್ತು ಅವರು ಮದುವೆಗೆ ಕೋಲಾರಕ್ಕೆ ಹೋಗಿದ್ದರು. ಉಸಿರಿನ ಸದ್ದು ಕೇಳಿದ ಕೂಡಲೇ ಭಾವನಿಗೆ ತಿಳಿಯಿತು, ಗಂಟಲುಮಾರಿ. ಯಾರ ಒಪ್ಪಿಗೆಗೂ ಕಾಯಲಿಲ್ಲ, ಸೀರಂ ಚುಚ್ಚಿಯೇಬಿಟ್ಟರು. ಮಗು ಉಳಿಯಿತು. ಆದರೆ ಭಾವನ ನಿದ್ದೆ ಹೋಯಿತು. ಊಟಕ್ಕೆ ಕೂತವರು ಎಲೆ ನೋಡುತ್ತಾ ಕೂತೇ ಇರುತ್ತಾರೆ ಅಂತ ಅಕ್ಕ ಕಣ್ಣೀರು ಹಾಕಿದಳು.

ಆ ಸಲದ ಸಭೆ ನಮ್ಮ ಶಾಲೆಯಲ್ಲಿ. ಭಾವ ಎದ್ದು ನಿಂತು, ನಡೆದದ್ದನ್ನೆಲ್ಲ ಹೇಳಿ, "ಚನ್ನಕೇಶವನಿಗೆ ಮಾಡಿದ್ದನ್ನೇ ನನಗೂ ಮಾಡಿ," ಅಂದರು.

ಎಲ್ಲರೂ ನಕ್ಕರು. "ಕೂತ್ಕೊಳ್ಳಿ ಮೂರ್ತಿಗಳೇ. ನೀವು ಪ್ರಾಣ ಉಳಿಸಿದ್ದೀರಿ," ಅಂದರು ನರಸಿಂಹಪ್ಪನವರು.

"ಅವನೂ ಪ್ರಾಣಾನೇ ಉಳಿಸಿದ್ದ."

ಒಬ್ಬರು ಎದ್ದು, "ಕಾಫಿ ಆರ್ತಾ ಇದೆ, ಏಳ್ರಪ್ಪ," ಅಂದರು. ಕಲಿತವರ ನ್ಯಾಯ ನೋಡಿ, ಕಾಫಿ ಲೋಟದಲ್ಲೇ ಮುಗಿದುಹೋಯಿತು.

ಮಾರನೆಯ ದಿನ ಭಾವ ನನ್ನನ್ನು ಕರೆದುಕೊಂಡು ರೈಲಿನಲ್ಲಿ ತೊಂಡೇಬಾವಿಗೆ ಹೊರಟರು. ಹುಡುಗನನ್ನು ಸಂಘಕ್ಕೆ ವಾಪಸ್ ಕರೆತರದೆ ಅವರಿಗೆ ನೆಮ್ಮದಿಯಿಲ್ಲ. ಚನ್ನಕೇಶವ ಸಣಕಲಾಗಿದ್ದ. ಕುರ್ಚಿ ಒರೆಸಿ ಕೂರಿಸಿದ.

"ತಪ್ಪು ನಂದಪ್ಪ. ವಾಪಸ್ ಬಾ. ಎಲ್ಲರ ಮುಂದೆ ನಾನು ನಿನ್ನ ಕ್ಷಮೆ ಕೇಳ್ತೀನಿ," ಅಂದರು ಭಾವ.

"ಅಯ್ಯೋ, ಬಿಡಿ ಸಾರ್. ನೀವು ಹೇಳಿದ್ದೇ ಸರಿ. ಆವತ್ತಿಂದ ನಾನು ಇನ್ನೊಬ್ಬರ ರೋಗೀನ ಮುಟ್ಟಿಲ್ಲ." ಕುರ್ಚಿ ಒರೆಸಿದ ಬಟ್ಟೆಯನ್ನು ಮಡಚುತ್ತಾ ಮುಂದುವರಿಸಿದ. "ಹೋದ ತಿಂಗಳು ಒಂದು ಹೆಣ್ಣುಮಗೂನ ಎತ್ಕೊಂಡು ಬಂದಿದ್ರು. ಗೌರಿಬಿದನೂರಲ್ಲಿ ತೋರಿಸ್ತಾ ಇದ್ರಂತೆ. ಅವರನ್ನ ಕೇಳ್ಕೊಂಡು ಬನ್ನಿ ಅಂತ ಕಳಿಸ್ಬಿಟ್ಟೆ."

"ಏನಾಗಿತ್ತು ಮಗೂಗೆ?"

"ಉಸಿರಿಗೆ ಕಷ್ಟಪಡ್ತಿತ್ತು ಸಾರ್. ಮುಟ್ಟಿ ನೋಡ್ಲಿಲ್ಲ."

"ಆಮೇಲೆ?"

"ಅವರು ತಿರುಗಿ ಬರ್ಲಿಲ್ಲ. ಯಾರನ್ನಾದ್ರೂ ಕೇಳೋಣ ಅಂದ್ರೆ ಧೈರ್ಯ ಸಾಲ್ದು." ಅವನು ತಲೆ ತಗ್ಗಿಸಿದ.

ಹೊರಗೆ ಬಂದವರೇ ಭಾವ ಸ್ಟೇಷನ್ ಮುಂದಿನ ಟೀ ಅಂಗಡಿಯ ಮುನಿಗಂಗಪ್ಪನನ್ನು ವಿಚಾರಿಸಿದರು. ಅವನಿಗೆ ಗೊತ್ತಿತ್ತು, ಅವನ ಊರಿನದೇ ಮಗು. "ಇಲ್ಲಿಂದ ಗೌರಿಬಿದನೂರಿಗೆ ಎತ್ಕೊಂಡು ಹೋದ್ರು ಸಾಮಿ. ದಾರೀಲೇ ಹೋಯ್ತು. ಚನ್ನಾಗಿದ್ದ ಮಗು, ಪಾಪ."

ಭಾವ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಸಿದು ಕೂತರು. ನಾನು ಪಕ್ಕದಲ್ಲಿ ನಿಂತೆ. ರೈಲು ಬರುವ ಹೊತ್ತಿಗೆ ಚನ್ನಕೇಶವ ಓಡಿಬಂದ. ನಾವು ಅಂಗಡಿಯವನನ್ನು ಮಾತಾಡಿಸಿದ್ದನ್ನು ಅವನು ನೋಡಿದ್ದನೋ ಏನೋ.

"ಸಾರ್, ಆ ಮಗು ವಿಷಯ ಏನಾದ್ರೂ ತಿಳೀತಾ?"

ಭಾವ ಎದ್ದು ನಿಂತು ಅವನ ಹೆಗಲ ಮೇಲೆ ಕೈ ಇಟ್ಟರು. "ತಿಳೀತಪ್ಪ. ಬೆಂಗಳೂರಿಗೆ ಕರ್ಕೊಂಡು ಹೋಗಿ ತೋರಿಸಿದ್ರಂತೆ. ಈಗ ಆಟ ಆಡ್ಕೊಂಡು ಚೆನ್ನಾಗಿದೆಯಂತೆ."

ಚನ್ನಕೇಶವ ಎದೆಯ ಮೇಲೆ ಕೈ ಇಟ್ಟುಕೊಂಡು ಉಸಿರು ಬಿಟ್ಟ. ಎಷ್ಟೋ ದಿನದ ಮೇಲೆ ನಕ್ಕವನ ಹಾಗೆ ನಕ್ಕ.

"ಆದ್ರೆ ಇನ್ಮೇಲೆ ಯಾರು ಬಂದ್ರೂ ಮುಟ್ಟಿ ನೋಡಪ್ಪ," ಅಂದರು ಭಾವ. "ಯಾರನ್ನೂ ಕೇಳ್ಬೇಡ."

ರೈಲು ಹತ್ತಿ ಕೂತೆವು. ಅವನು ಕಣ್ಣಿಗೆ ಮರೆಯಾಗುವವರೆಗೂ ಭಾವ ಕಿಟಕಿಯಿಂದ ಕೈ ಬೀಸುತ್ತಿದ್ದರು. ಆಮೇಲೆ ಪಂಚೆಯ ಚುಂಗನ್ನು ಬಾಯಿಗೆ ತುರುಕಿಕೊಂಡು, ಗೌರಿಬಿದನೂರು ಬರುವ ತನಕ ಅತ್ತರು.