ಬಣ್ಣದಕ್ಕ ಹೊಡೆಯದ ಹಸಿರು

ಊರಿನ ಅರ್ಧದಷ್ಟು ಕಾರುಗಳಿಗೆ ಒಂದಲ್ಲ ಒಂದು ಸಲ ಅವಳ ಕೈ ತಾಗಿತ್ತು. ಗ್ಯಾರೇಜಿನ ಹಿಂದಿನ ತಗಡಿನ ಕೋಣೆಯಲ್ಲಿ ಮೂಗಿಗೆ ಮುಸುಕು ಕಟ್ಟಿ, ಸ್ಪ್ರೇ ಗನ್ ಹಿಡಿದು ನಿಂತಳೆಂದರೆ ಮಾಲೀಕನೂ ಬಾಗಿಲಲ್ಲೇ ನಿಂತು ಕೆಮ್ಮಿ ಕಾಯಬೇಕಿತ್ತು. ಎಲ್ಲರಿಗೂ ಅವಳು ಬಣ್ಣದಕ್ಕ. ಅವಳು ಮುಗಿಸಿದ ಬಾಗಿಲಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಗೀರು ಕಂಡರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಬಣ್ಣ ಸೋರಿ ಇಳಿದ ಗೆರೆ ಕಂಡರಂತೂ, ಅದು ನೆಂಟರ ಮನೆಯ ಕಿಟಕಿಯಾದರೂ ಸರಿ, ಮುಖಕ್ಕೆ ಹೊಡೆದಂತೆ ಹೇಳಿಬಿಡುತ್ತಿದ್ದಳು. ಗಂಡ ದರ್ಜಿ. ಹಗಲಿಡೀ ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಇರುತ್ತಿದ್ದುದರಿಂದ ಎದುರು ಮಾತಾಡುವ ಅಭ್ಯಾಸ ಅವನಿಗೆ ತಪ್ಪಿಹೋಗಿತ್ತು.

ಅವಳ ತಮ್ಮ ವಾದ್ಯಗೋಷ್ಠಿಯೊಂದರಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದ. ಆ ಗಿಟಾರಿಗೆ ಮೊದಲು ಕೆಂಪು ಹೊಡೆದವಳೂ ಅವಳೇ. ನಾಲ್ಕು ವರ್ಷಕ್ಕೆ ಮೊಣಕೈ ಒರಗುವ ಕಡೆ ಅದು ಸವೆದು ಮರ ಇಣುಕಿತು. ಅಕ್ಕನಿಗೆ ತನ್ನ ಮಗುವಿನ ಚಡ್ಡಿ ಹರಿದಷ್ಟು ನಾಚಿಕೆಯಾಗಿ, ಅದರ ಮೇಲೆ ಬಿಳಿ ಹೊಡೆದಳು. ಬಿಳಿಯೂ ಸವೆಯಿತು. ಅದರ ಮೇಲೆ ನೀಲಿ. ತಮ್ಮನಿಗೆ ಯಾವಾಗಲೂ ಮರುದಿನವೇ ಕಾರ್ಯಕ್ರಮ. ಹಳೆಯದನ್ನು ಪೂರ್ತಿ ಕೆರೆದು ತೆಗೆಯಲು ಪುರಸೊತ್ತು ಎಲ್ಲಿ? ಕಾರಿಗೆ ಹೊಡೆಯುವ ಈಗಿನ ಗಟ್ಟಿ ಬಣ್ಣ ಬೇಡವೆಂದು ಅವನೇ ಹಟ ಹಿಡಿದಿದ್ದ. ಆದ್ದರಿಂದ ತೆಳ್ಳಗಿನ ಹಳೇ ಕಾಲದ ಲ್ಯಾಕರ್ ಬಣ್ಣವನ್ನೇ ಹೊಡೆದು, ಮೇಲೆ ಅದೇ ಲ್ಯಾಕರಿನ ಬಣ್ಣವಿಲ್ಲದ ಹೊಳಪಿನ ಲೇಪ ಕೊಟ್ಟಿದ್ದಳು.

ನೀಲಿಯಾದ ಮೇಲೆ ಒಂಬತ್ತು ವರ್ಷ ಗಿಟಾರ್ ಅವಳ ಕಣ್ಣಿಗೆ ಬೀಳಲಿಲ್ಲ. ಕೇಳಿದಾಗಲೆಲ್ಲ ತಮ್ಮ ಅದು ಡ್ರಮ್ಮಿನವನ ಮನೆಯಲ್ಲಿದೆ, ತಂತಿ ಬದಲಿಸಲು ಕೊಟ್ಟಿದ್ದೇನೆ ಎಂದೆಲ್ಲ ಜಾರಿಕೊಳ್ಳುತ್ತಿದ್ದ. ಅವಳೂ ಅವನ ಕಾರ್ಯಕ್ರಮಗಳಿಗೆ ಹೋದವಳಲ್ಲ. ಆದರೆ ಆ ವರ್ಷ ಗೋಷ್ಠಿಯವರ ಅಂಗಿಗಳನ್ನು ಹೊಲಿದವನು ಅವಳ ಗಂಡನೇ ಆದ್ದರಿಂದ, ಅವು ವೇದಿಕೆಯ ಮೇಲೆ ಹೇಗೆ ಕಾಣುತ್ತವೆಂದು ನೋಡಲು ಇಬ್ಬರೂ ಸಂಜೆ ಸಭಾಂಗಣಕ್ಕೆ ಹೋಗಿ ಎರಡನೇ ಸಾಲಿನಲ್ಲಿ ಕೂತರು.

ಪರದೆ ಸರಿಯಿತು. ತಮ್ಮನ ಕೊರಳಲ್ಲಿ ಹಸಿರು ಗಿಟಾರ್.

ಒಡಹುಟ್ಟಿದವನು ಬೇರೆ ಬಣ್ಣದವರ ಹತ್ತಿರ ಹೋಗಿದ್ದಾನೆ! ಅಷ್ಟೇ ಅಲ್ಲ, ಆ ಬಣ್ಣದವನು ಯಾವನೋ ಅಯೋಗ್ಯ, ಎಲ್ಲೆಲ್ಲೂ ಕಿತ್ತುಹೋಗಿದೆ. ಹಾಡುಗಳು ಅವಳ ಒಂದು ಕಿವಿಗೂ ಬೀಳಲಿಲ್ಲ. ವಿರಾಮವೆಂದು ಪರದೆ ಮುಚ್ಚಿದ್ದೇ ತಡ, ಸೆರಗು ಸಿಕ್ಕಿಸಿ ವೇದಿಕೆ ಹತ್ತಿದಳು. ಗಂಡ ಹಿಂದೆಯೇ ಓಡಿದ.

"ಯಾರ ಹತ್ರ ಹೊಡೆಸಿದ್ದು ಇದನ್ನ?" ಎಂದಳು.

"ನಿನ್ನ ಹತ್ರಾನೇ ಅಕ್ಕ."

"ನಾನು ಹಸಿರು ಹೊಡೆದೇ ಇಲ್ಲ. ನನ್ನ ತಲೆ ಇನ್ನೂ ನೆಟ್ಟಗಿದೆ."

ತಮ್ಮ ಗಿಟಾರಿನ ಮುಂಭಾಗದ ಪ್ಲಾಸ್ಟಿಕ್ ತಗಡಿನ ತಿರುಪು ಬಿಚ್ಚಿ ಎತ್ತಿ ತೋರಿಸಿದ. ಅದರ ಅಡಿಯಲ್ಲಿ, ಬೆಳಕು ತಾಗದ ಜಾಗದಲ್ಲಿ, ಅವಳ ನೀಲಿ ನಿನ್ನೆ ಹೊಡೆದಂತೆ ನಗುತ್ತಿತ್ತು. ಮೇಲಿನ ಹೊಳಪು ಒಂಬತ್ತು ವರ್ಷದ ಬಿಸಿಲು, ದೀಪ, ಹೊಗೆ ಕುಡಿದು ಹಳದಿಗಟ್ಟಿದೆ; ನೀಲಿಯ ಮೇಲೆ ಹಳದಿ ಕೂತರೆ ಏನಾಗುತ್ತದೆಂದು ನಿನಗೆ ನಾನು ಹೇಳಬೇಕೇ ಎಂದು ಅವನು ಕೇಳಿದ. ಮೂವತ್ತು ವರ್ಷ ಬಣ್ಣ ಕಲಸಿದವಳು ಕನ್ನಡಕ ಏರಿಸಿಕೊಂಡಳು.

ಆಮೇಲೆ ಬಗ್ಗಿ ನೋಡಿದಳು. ಮೊಣಕೈ ಒರಗುವ ಕಡೆ ಹಸಿರು ಮುಗಿದು ಕೆನೆಗಟ್ಟಿದ ಬಿಳಿ, ಬಿಳಿಯೊಳಗೆ ಕೆಂಪು, ಕೆಂಪಿನ ನಡುವೆ ಅಂಗೈಯಗಲ ಮರ, ಬೆವರು ಕುಡಿದು ಕಪ್ಪಗೆ ಮಿರುಗುತ್ತಿದ್ದ ಮರ. ಎಲ್ಲೂ ಅಂಚಿಲ್ಲ, ಒಂದು ಬಣ್ಣ ಇನ್ನೊಂದರೊಳಗೆ ನಿದ್ದೆಹೋದ ಹಾಗೆ. ಮೈ ತುಂಬ ಒಣಗಿದ ಕೆರೆಯ ಮಣ್ಣಿನಂಥ ಸಣ್ಣ ಬಿರುಕು. ಬೆನ್ನಿನ ಮೇಲೆ ಬೆಲ್ಟಿನ ಬಕಲ್ ಕೆತ್ತಿದ ಗುಳಿ. ಇಂಥ ಮೆರುಗನ್ನು ಅವಳ ಗನ್ನಿನಿಂದ ಜನ್ಮದಲ್ಲಿ ತರಲಾಗದು.

"ನೀನು ನೋಡಿದ್ರೆ ಮುಚ್ಚಿಬಿಡ್ತೀಯ ಅಂತ ಬಚ್ಚಿಟ್ಟಿದ್ದೆ," ಎಂದ ತಮ್ಮ.

ಅವಳಿಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಭುಜದಲ್ಲಿ, ಕೊನೆಗೆ ಪರದೆಯ ಹಗ್ಗ ಹಿಡಿದುಕೊಂಡು ನಿಲ್ಲಬೇಕಾಯಿತು. ಅವಳ ಕೈ ಎಳೆದ ರಭಸಕ್ಕೆ ಪರದೆ ತೆರೆದುಕೊಂಡು, ಬಿದ್ದು ಬಿದ್ದು ನಗುತ್ತಿದ್ದ ಐವತ್ತರ ಹೆಂಗಸನ್ನು ಇಡೀ ಸಭಾಂಗಣ ನೋಡಿತು. ಇದೂ ಕಾರ್ಯಕ್ರಮದ ಭಾಗವೆಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಅವಳು ಹಿಗ್ಗಿ ಹೀರೇಕಾಯಿಯಾಗಿ ಕೈಬೀಸಿದಳು.

ಸುದ್ದಿಗೆ ಕಾಲು ಬಂತು. ಮರುವಾರವೇ ಡ್ರಮ್ಮಿನವನ ಭಾವಮೈದ ತನ್ನ ಹೊಸ ಗಿಟಾರ್ ತಂದು, ಇದನ್ನೂ ಹಾಗೇ ಸವೆಸಿಕೊಡಿ ಎಂದ. ಅವಳು ಉಪ್ಪುಕಾಗದ ಹಿಡಿದು ಕೂತು ಎರಡು ದಿನ ಉಜ್ಜಿದಳು. ನೋಡಿದರೆ ಇಲಿ ಕಡಿದ ಬಾಗಿಲು. ನುಡಿಸುವ ಕೈ ಎಲ್ಲಿ ಒರಗುತ್ತದೆಂದು ನುಡಿಸದ ಕೈಗೆ ಹೇಗೆ ಗೊತ್ತಾಗಬೇಕು? ಕೊನೆಗೆ ಅವಳು ಅದನ್ನೆಲ್ಲ ಕೆರೆದು, ಒಂದರ ಮೇಲೊಂದು ಐದು ಬಣ್ಣವನ್ನು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಹೊಡೆದು ಕೊಟ್ಟಳು. ಅಡಿಯಲ್ಲಿ ಯಾವ ಬಣ್ಣವಿದೆ ಎಂದು ಮಾತ್ರ ಬಾಯಿ ಬಿಡಲಿಲ್ಲ. ಮಿಕ್ಕದ್ದು ನಿನ್ನ ಕೈಯ ಕೆಲಸ, ನುಡಿಸು ಅಂದಳು.

ಅಲ್ಲಿಂದ ಗ್ಯಾರೇಜಿನ ಮುಂದೆ ಕಾರುಗಳ ನಡುವೆ ಗಿಟಾರುಗಳ ಸಾಲು. ಅಂಚೆ ಹಂಚುವವನು, ಹಲ್ಲಿನ ವೈದ್ಯೆ, ಗಣಿತದ ಮೇಷ್ಟ್ರು, ಎಲ್ಲರೂ ಬಂದರು. ಒಂದು ಮಧ್ಯಾಹ್ನ ಮೇಷ್ಟ್ರು ಪಾಠ ಬಿಟ್ಟು ರಸ್ತೆಯ ಆಚೆಯಿಂದಲೇ ಗಿಟಾರ್ ಎತ್ತಿ ಹಿಡಿದು, "ಅಕ್ಕಾ, ಹಳದಿ ಬಂತು!" ಎಂದು ಕೂಗುತ್ತ ಓಡಿಬಂದರು. ಮಗುವಿಗೆ ಮೊದಲ ಹಲ್ಲು ಬಂದ ಸಂಭ್ರಮ ಅದು. ಗ್ಯಾರೇಜಿನವರೆಲ್ಲ ಸ್ಪ್ಯಾನರ್ ಕೆಳಗಿಟ್ಟು ಸುತ್ತುವರಿದು, ಉಗುರಿನಷ್ಟು ಹಳದಿಯನ್ನು ಕಣ್ತುಂಬ ನೋಡಿದರು. ಬಣ್ಣದಕ್ಕ ಮೇಷ್ಟ್ರ ಕೈ ಹಿಡಿದು ಎರಡು ಸುತ್ತು ಕುಣಿದೇಬಿಟ್ಟಳು.

ಆಮೇಲೆ ಅವಳಿಗೂ ಆಸೆ ಹತ್ತಿತು. ತನಗೂ ಒಂದು ಬೇಕು, ಆದರೆ ತಾನೇ ಹೊಡೆದರೆ ಒಳಗೇನಿದೆಯೆಂದು ಗೊತ್ತಿರುತ್ತದಲ್ಲ! ಗನ್ನನ್ನು ಗಂಡನ ಕೈಗೆ ಕೊಟ್ಟು, ತಾನು ಕೋಣೆಯ ಹೊರಗೆ ಕಿವಿಗೊಟ್ಟು ನಿಂತಳು. ಜನ್ಮದಲ್ಲಿ ಗನ್ ಮುಟ್ಟದ ದರ್ಜಿ, ಮುಸುಕಿನೊಳಗೂ ಎರಡು ಗುಂಡುಸೂಜಿ ಕಚ್ಚಿಕೊಂಡು, ಕೈಗೆ ಸಿಕ್ಕ ಡಬ್ಬಿಗಳನ್ನೆಲ್ಲ ಬಳಸಿ ಮೂರು ದಿನ ಹೊಡೆದ. ಹೊರಬಂದದ್ದು ಕಂದು ಗಿಟಾರ್. ಮೇಲಿಂದ ಕೆಳಗೆ ಬಣ್ಣ ಸೋರಿ ಮೇಣದಬತ್ತಿಯ ಹಾಗೆ ಇಳಿದಿತ್ತು.

ಅವಳು ಸೋರಿದ ಗೆರೆಗಳ ಮೇಲೆ ಬೆರಳಾಡಿಸಿದಳು. ಗಂಡ ಸೂಜಿಗಳನ್ನು ಬಾಯಿಂದ ತೆಗೆದು, ಕೆರೆದು ಮತ್ತೆ ಹೊಡೆಯಲೇ ಎಂದು ಮೆಲ್ಲಗೆ ಕೇಳಿದ.

"ಮುಟ್ಟಿದ್ರೆ ನೋಡಿ ಮತ್ತೆ," ಎಂದು ಅವಳು ಅದನ್ನು ಎದೆಗವಚಿಕೊಂಡಳು.

ಈಗ ದಿನವೂ ಊಟದ ಬಿಡುವಿನಲ್ಲಿ ಟೈರಿನ ಮೇಲೆ ಕೂತು ತಮ್ಮ ಕಲಿಸಿದ ಮೂರು ಸ್ವರಮೇಳಗಳನ್ನು ನುಡಿಸುತ್ತಾಳೆ; ಮೂರನೆಯದು ಇನ್ನೂ ಸರಿಯಾಗಿ ಬರುವುದಿಲ್ಲ. ನುಡಿಸಿ ಮುಗಿದೊಡನೆ ಮೊಣಕೈ ಎತ್ತಿ, ಕನ್ನಡಕ ಸರಿಮಾಡಿಕೊಂಡು ಅಡಿಯಲ್ಲಿ ಇಣುಕುತ್ತಾಳೆ. ಹೋದ ವಾರ ಸೋರಿದ ಗೆರೆಯೊಂದರ ನೆತ್ತಿ ಸವೆದು ಸಾಸಿವೆಯಷ್ಟು ಏನೋ ಕಂಡಿತಂತೆ. ನೇರಳೆ ಎಂದು ಅವಳು, ಕೊಳೆ ಎಂದು ತಮ್ಮ. ಗಂಡನನ್ನು ಕೇಳಿದರೆ ಸೂಜಿ ಕಚ್ಚಿಕೊಂಡು ನಗುತ್ತಾನೆ.