ಕಾಣದ ಹಕ್ಕಿಗೆ ಹೂಂಗುಟ್ಟುವುದು

ನನ್ನ ನೋಟುಪುಸ್ತಕದಲ್ಲಿರುವ ಹಕ್ಕಿಗಳಲ್ಲಿ ಅರ್ಧದಷ್ಟನ್ನು ನಾನು ನೋಡಿಯೇ ಇಲ್ಲ. ಹಾಗೆಂದು ಸುಳ್ಳು ಬರೆದಿದ್ದೇನೆಂದು ತಿಳಿಯಬೇಡಿ. ಹಕ್ಕಿ ಅಲ್ಲಿತ್ತು, ತೋರಿಸಿದವರು ನಂಬಿಗಸ್ತರು, ನಾನು ಅವರ ಬೆರಳು ಹೋದ ಕಡೆಗೇ ಕತ್ತು ತಿರುಗಿಸಿದ್ದೆ. ಕಾಣುವುದೊಂದು ಬಾಕಿಯಿತ್ತು, ಅಷ್ಟೆ.

ಹಕ್ಕಿ ನೋಡಲು ಹೋದವರಿಗೆಲ್ಲ ಈ ಸಂಕಟ ಗೊತ್ತು. ಜೊತೆಗಾರ ಪಿಸುಗುಟ್ಟುತ್ತಾನೆ: ಅಗೋ, ಆ ಮರದಲ್ಲಿ. ಯಾವ ಮರ? ಆ ಹಸಿರು ಮರ. ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಹಸಿರಲ್ಲದ ಮರ ತೋರಿಸಿದವರಿಗೆ ಶಾಲು ಹೊದೆಸಬೇಕು. ಮೊದಲ ಸಲ ಕಾಣಲಿಲ್ಲವೆಂದರೆ ಅವನು ಮತ್ತೆ ತೋರಿಸುತ್ತಾನೆ. ಎರಡನೆಯ ಸಲ ಕಾಣಲಿಲ್ಲವೆಂದರೆ ಅವನ ಮುಖದಲ್ಲಿ ಮರುಕ ಮೂಡುತ್ತದೆ. ಮೂರನೆಯ ಸಲಕ್ಕೆ ಎಂತಹ ಸತ್ಯಸಂಧನೂ "ಹಾಂ, ಕಂಡಿತು ಕಂಡಿತು" ಎಂದುಬಿಡುತ್ತಾನೆ. ನಮ್ಮ ಹಳೆಯ ತಾರ್ಕಿಕರು ಮನುಷ್ಯನ ಈ ದೌರ್ಬಲ್ಯವನ್ನು ಮೊದಲೇ ಬಲ್ಲವರು. ಕಣ್ಣಾರೆ ಕಂಡದ್ದು ಒಂದು ಪ್ರಮಾಣವಾದರೆ ಆಪ್ತನಾದವನ ಮಾತೂ ಒಂದು ಪ್ರಮಾಣ ಎಂದು ಅವರು ದಾರಿ ಮಾಡಿಕೊಟ್ಟಿದ್ದಾರೆ. ನನ್ನ ನೋಟುಪುಸ್ತಕದ ಅರ್ಧ ನಿಂತಿರುವುದು ಈ ಎರಡನೆಯದರ ಮೇಲೆ.

ನನಗೆ ಆಪ್ತರೆಂದರೆ ಹಮೀದಿಚ್ಚ. ಪುತ್ತೂರು ಪೇಟೆಯಲ್ಲಿ ಅಡಿಕೆ ವ್ಯಾಪಾರಿ. ನಾನು ಅದೇ ಪೇಟೆಯ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಒಂದು ಹಿಡಿ ಅಡಿಕೆಯನ್ನು ಅಂಗೈಯಲ್ಲಿ ಹರಡಿದರೆ ಸಾಕು, ಒಡೆದದ್ದು ಯಾವುದು, ಕಪ್ಪು ಬಿದ್ದದ್ದು ಯಾವುದು ಎಂದು ನಿಂತಲ್ಲೇ ಆರಿಸುವ ಕಣ್ಣು ಅವರದು. ಅಂತಹ ಕಣ್ಣಿಗೆ ಹಕ್ಕಿ ಯಾವ ಲೆಕ್ಕ? ಭಾನುವಾರ ಬಂದರೆ ನಾವಿಬ್ಬರು ಅವರ ಹಳೆಯ ಜೀಪಿನಲ್ಲಿ ಹೊರಡುತ್ತೇವೆ. ನಮ್ಮಲ್ಲಿ ಹೆಸರು ಹೇಳುವಂತಹ ಜಲಾಶಯಗಳೇನೂ ಇಲ್ಲ. ಮಳೆ ಮುಗಿದ ಮೇಲೆ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಇಳಿಸುತ್ತಾರೆ, ಹರಿಯುವ ಹೊಳೆ ನಿಂತು ಉದ್ದನೆಯ ಕೆರೆಯಾಗುತ್ತದೆ. ತೋಟಕ್ಕೆಂದು ನಿಲ್ಲಿಸಿದ ಆ ನೀರನ್ನು ನೀರುಕಾಗೆಗಳು ತಮ್ಮ ಪಿತ್ರಾರ್ಜಿತವೆಂದೇ ತಿಳಿದಿವೆ. ಒಂದೇ ನೀರುಕಾಗೆಗೆ ತುಳುವಿನಲ್ಲೊಂದು, ಬ್ಯಾರಿಯಲ್ಲೊಂದು, ಅರೆಭಾಷೆಯಲ್ಲೊಂದು ಹೆಸರು ಇರುವುದರಿಂದ ದಡದಲ್ಲಿ ಹಕ್ಕಿಗಿಂತ ಚರ್ಚೆಯೇ ಜಾಸ್ತಿ.

ಕಳೆದ ಫೆಬ್ರವರಿಯ ಒಂದು ಭಾನುವಾರ ಮೊದಲು ಕಡಬಕ್ಕೆ ಹೋದೆವು. ಕುಮಾರಧಾರೆಯ ನಿಂತ ನೀರಿನ ಮೇಲೆ ಒಂದು ಮಿಂಚುಳ್ಳಿ ನನ್ನ ಕಣ್ಣಿಗೇ ಬಿತ್ತು. ಅದರಲ್ಲಿ ನನ್ನ ಹೆಚ್ಚುಗಾರಿಕೆ ಇಲ್ಲ, ಮಿಂಚುಳ್ಳಿ ಅಡಗಿಕೊಳ್ಳುವ ಸ್ವಭಾವದ್ದಲ್ಲ. ಆಶ್ಚರ್ಯವೆಂದರೆ ಹಮೀದಿಚ್ಚ ಆ ಬೆಳಿಗ್ಗೆ ಒಂದೇ ಒಂದು ಹಕ್ಕಿಯನ್ನೂ ತೋರಿಸಲಿಲ್ಲ. ನಾನು ತೋರಿಸಿದ್ದಕ್ಕೆಲ್ಲ "ಕಂಡಿತು ಕಂಡಿತು" ಎಂದರು. ಆ ಧಾಟಿ ನನಗೆ ಚೆನ್ನಾಗಿ ಪರಿಚಿತವಾದದ್ದೇ. ಇವರು ನನ್ನನ್ನು ಅಣಕಿಸುತ್ತಿದ್ದಾರೆ ಎಂದುಕೊಂಡೆ. ಆಗಲಿ, ನನಗೂ ಒಂದು ಕಾಲ ಬರುತ್ತದೆ ಎಂದು ಸುಮ್ಮನಿದ್ದೆ.

ಮಧ್ಯಾಹ್ನದ ಮೇಲೆ ಸುಳ್ಯ ದಾಟಿ ಆಲೆಟ್ಟಿಗೆ ಬಂದಾಗ ಆ ಕಾಲ ಬಂತು. ಪಯಸ್ವಿನಿಯ ನಡುವೆ ಒಂದು ಬೊಡ್ಡೆ, ಬೊಡ್ಡೆಗೆ ಸಿಕ್ಕಿಕೊಂಡ, ಸೋಗೆಯ ಬುಡದಿಂದ ಕಳಚಿಬಿದ್ದ ಒಂದು ಅಡಿಕೆ ಹಾಳೆ. ಅದರ ಒಂದು ತುದಿ ಮೇಲಕ್ಕೆದ್ದಿತ್ತು.

"ಹಮೀದಿಚ್ಚ, ಬೂದು ಬಕ!" ಎಂದೆ.

ಅವರು ಬೈನಾಕ್ಯುಲರ್ ಎತ್ತಿದರು. "ಕಂಡಿತು ಕಂಡಿತು. ಕುತ್ತಿಗೆ ಎಂತ ಉದ್ದ ಮಾರಾಯ್ರೆ!"

"ಬಾಯಲ್ಲಿ ಮೀನು ಉಂಟಾ?"

"ಉಂಟು. ನುಂಗ್ತಾ ಉಂಟು."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಅದು ಹಾಳೆ ಮಾರಾಯ್ರೆ, ಅಡಿಕೆ ಹಾಳೆ!" ಅವರೂ ನಗುತ್ತಾರೆಂದು ಕಾದೆ. ಅವರು ಬೈನಾಕ್ಯುಲರ್ ಇಳಿಸಿ ಅಣೆಕಟ್ಟಿನ ಮೆಟ್ಟಿಲ ಮೇಲೆ ಕುಳಿತರು. ಹಕ್ಕಿ ಗುರುತಿಸದಿದ್ದರೆ ಯಾರಿಗೂ ಅವಮಾನವಿಲ್ಲ. ಆದರೆ ಅಡಿಕೆ ವ್ಯಾಪಾರಿಗೆ ಹಾಳೆ ಗುರುತಾಗಲಿಲ್ಲ. ನನ್ನ ನಗು ಅರ್ಧಕ್ಕೇ ನಿಂತಿತು.

"ಕಳೆದ ಮಳೆಗಾಲದಿಂದ ಎಡದ ಕಣ್ಣು ಮಂಜು. ಈಗ ಬಲದ್ದೂ," ಎಂದರು.

"ಮತ್ತೆ ಅಂಗಡಿಯಲ್ಲಿ?"

"ಕೈಯಲ್ಲಿ ಉಜ್ಜಿ ನೋಡುದು. ಕಿವಿ ಹತ್ತಿರ ಕುಲುಕುದು. ಹೇಗೋ ನಡೀತದೆ."

"ಡಾಕ್ಟ್ರಿಗೆ ತೋರಿಸ್ಲಿಲ್ವಾ?"

"ತೋರಿಸಿದ್ರೆ ಮನೆಯಲ್ಲಿ ಜೀಪಿನ ಕೀ ತೆಗೆದಿಡ್ತಾರೆ. ಮತ್ತೆ ಸಿಗುದುಂಟಾ? ನಮ್ಮ ಆದಿತ್ಯವಾರ ಮುಗೀತು, ಮಾಷ್ಟ್ರೆ. ನಿಮಗೆ ಹಕ್ಕಿ ತೋರಿಸುದು ಯಾರು?"

ನನಗೆ ನಾಚಿಕೆಯಾಯಿತು. ಅದರ ಬೆನ್ನಿಗೇ ಭಯವೂ ಆಯಿತು, ಏಕೆಂದರೆ ಅಷ್ಟೂ ತಿರುವುಗಳಲ್ಲಿ ನನ್ನನ್ನು ಕೂರಿಸಿಕೊಂಡು ಬಂದದ್ದು ಇದೇ ಕಣ್ಣು. "ದಾರಿಯಲ್ಲಿ ಎದುರು ಬಂದ ಲಾರಿಗಳು ಕಂಡಿದ್ವಾ?" ಎಂದು ಕೇಳಿದೆ. "ಲಾರಿ ದೊಡ್ಡದಲ್ವಾ," ಎಂದರು. ಇಂತಹವರ ಮುಂದೆ ಇನ್ನೂ ಸಾಚಾ ಎನಿಸಿಕೊಂಡು ನಿಲ್ಲುವುದು ಸರಿಯಲ್ಲವೆನಿಸಿತು. ಅವರು ತೋರಿಸಿದ್ದರಲ್ಲಿ ಅರ್ಧ ನಾನು ಕಂಡೇ ಇಲ್ಲವೆಂದು ಒಪ್ಪಿಕೊಂಡೆ.

"ಗೊತ್ತುಂಟು," ಎಂದರು ಹಮೀದಿಚ್ಚ. "ನೀವು ಯಾವಾಗ್ಲೂ ಬೇರೆ ಮರ ನೋಡಿ ಅಲ್ವಾ ಕಂಡಿತು ಹೇಳುದು."

ಜೀಪನ್ನು ಪರಿಚಯದವರ ಅಂಗಳದಲ್ಲಿ ಬಿಟ್ಟು ಬಸ್ಸಿನಲ್ಲಿ ಪುತ್ತೂರಿಗೆ ಮರಳಿದೆವು. ಮರುದಿನ ಕಣ್ಣಿನ ಆಸ್ಪತ್ರೆಗೆ ಹೋಗಲು ಒಪ್ಪಿದರು, ನಾನೂ ಜೊತೆಗೆ ಬರಬೇಕೆಂಬ ಕರಾರಿನ ಮೇಲೆ. ಆಸ್ಪತ್ರೆಯ ಬೆಂಚಿನಲ್ಲಿ ಸರದಿಗೆ ಕಾಯುತ್ತಿದ್ದಾಗ ಒಂದು ಸಂಗತಿ ಗಮನಿಸಿದೆ. ಒಳಗೆ ಕುರ್ಚಿಯಲ್ಲಿದ್ದ ಹೆಂಗಸು ಗೋಡೆಯ ಅಕ್ಷರಗಳನ್ನು ಗಟ್ಟಿಯಾಗಿ ಓದುತ್ತಿದ್ದಂತೆ ಹಮೀದಿಚ್ಚರ ತುಟಿಗಳೂ ಸಣ್ಣಗೆ ಅಲುಗುತ್ತಿದ್ದವು. ಬಾಯಿಪಾಠ! ಮೇಷ್ಟರಾದವನಿಗೆ ನಕಲು ಹೊಡೆಯುವವನ ಬೆನ್ನು ನೋಡಿದರೂ ಗೊತ್ತಾಗುತ್ತದೆ. ಅವರ ಸರದಿ ಬಂದಾಗ ನಾನು ಪರೀಕ್ಷೆ ಮಾಡುವ ಹುಡುಗಿಗೆ, "ಇವರಿಗೆ ಕೆಳಗಿನಿಂದ ಮೇಲಕ್ಕೆ ಓದಿಸಮ್ಮ," ಎಂದೆ. ಹಮೀದಿಚ್ಚ ನನ್ನನ್ನು ದುರುಗುಟ್ಟಿ ನೋಡಿದರು. ನಾನಿದ್ದದ್ದು ಸ್ವಲ್ಪ ಎಡಕ್ಕೆ.

"ಈ ಕೊನೆಯದ್ದು ಕಾಣ್ತದಾ ಅಂಕಲ್?"

ಹಮೀದಿಚ್ಚ ಕತ್ತು ಮುಂದೆ ಚಾಚಿದರು. ಆ ಹೊತ್ತಿನಲ್ಲಿ ಮನಸ್ಸಿನೊಳಗೆ ಏನು ನಡೆಯುತ್ತದೆಂದು ನನ್ನಷ್ಟು ಬಲ್ಲವರಿಲ್ಲ. ಹೇಳಿಬಿಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಇಲ್ಲ," ಎಂದರು.

"ಅದರ ಮೇಲಿನದ್ದು?"

"ಅದೂ ಇಲ್ಲ, ಮಗಳೇ."

ಪೊರೆ ಎಂದು ಡಾಕ್ಟರು ಹೇಳಿದರು. ತೆಗೆಸಿದ ಮೇಲೆ ನೋಟ ನೆಟ್ಟಗಾದರೆ ಜೀಪು ಬಿಡಲು ಅಡ್ಡಿಯಿಲ್ಲವೆಂದೂ ಹೇಳಿದರು. ಅಷ್ಟು ಕೇಳಿದ ಹಮೀದಿಚ್ಚ ಆಪರೇಷನ್ ಇವತ್ತೇ ಆಗುತ್ತದಾ ಎಂದು ವಿಚಾರಿಸತೊಡಗಿದರು.

ಅಷ್ಟರಲ್ಲಿ ಆ ಹುಡುಗಿ ನನ್ನ ಕಡೆ ತಿರುಗಿದಳು. "ನೀವೂ ಒಮ್ಮೆ ಕೂತುಕೊಳ್ಳಿ ಅಂಕಲ್, ಈಗ ಯಾರೂ ಇಲ್ಲ."

ಕುಳಿತೆ. ನಾಲ್ಕನೆಯ ಸಾಲಿನಿಂದ ಕೆಳಗೆ ಅಕ್ಷರಗಳೆಲ್ಲ ಇರುವೆ ಸಾಲು. ಅವಳು ಬೆರಳಿಟ್ಟು ಕಾಣುತ್ತದೆಯೇ ಎಂದು ಕೇಳಿದಳು. ಮತ್ತೊಮ್ಮೆ ಕೇಳಿದಳು. ಬೆಂಚಿನಿಂದ ಹಮೀದಿಚ್ಚರ ದನಿ ಬಂತು:

"ಹೆದರ್ಬೇಡಿ ಮಾಷ್ಟ್ರೆ, ಇಲ್ಲ ಹೇಳಿದ್ರೆ ಇಲ್ಲಿ ಬೆಂಚಿನ ಮೇಲೆ ನಿಲ್ಲಿಸುದಿಲ್ಲ."

ಮೂವತ್ತು ವರ್ಷ ಬೋರ್ಡಿನ ಮುಂದೆ ನಿಂತು "ಅರ್ಥ ಆಯ್ತಾ?" ಎಂದು ಮೂರು ಮೂರು ಸಲ ಕೇಳಿದವನು ನಾನು. ಇಡೀ ತರಗತಿ ಒಕ್ಕೊರಲಿನಲ್ಲಿ "ಆಯ್ತು ಸಾರ್" ಎನ್ನುತ್ತಿತ್ತು, ನಾನು ಸಂತೋಷದಿಂದ ಮುಂದಿನ ಲೆಕ್ಕಕ್ಕೆ ಹೋಗುತ್ತಿದ್ದೆ. ಆ ಕುರ್ಚಿಯಲ್ಲಿ ಕುಳಿತಾಗ ಗೋಡೆಯ ಅಕ್ಷರಗಳು ಕಾಣಲಿಲ್ಲ, ಆ ಮಕ್ಕಳ ಮುಖಗಳು ಮಾತ್ರ ಒಂದೊಂದಾಗಿ ಸ್ಪಷ್ಟವಾಗಿ ಕಂಡವು.