ಮಿಷನ್ನಿಗೆ ಕಾಣದ ಮೆಹ್ರೀನ್

ರಾಮನಗರದ ಮೆಹ್ರೀನಳ ಬೆರಳಿಗೆ ಕಣ್ಣಿತ್ತು. ಕುದಿನೀರಿನಲ್ಲಿ ಕುಣಿಯುವ ನೂರು ರೇಷ್ಮೆಗೂಡುಗಳಲ್ಲಿ ಯಾವುದರ ಎಳೆ ಎಲ್ಲಿ ತುದಿ ಬಿಟ್ಟಿದೆಯೆಂದು ಪಕ್ಕದ ಬೀದಿಯಲ್ಲಿ ನಿಂತೇ ಹೇಳುತ್ತಾಳೆ ಎಂದು ಜನ ಆಡಿಕೊಳ್ಳುತ್ತಿದ್ದರು. ಹೈಸ್ಕೂಲಿನಿಂದಲೂ ದಿನಾ ಬೆಳಿಗ್ಗೆ ಅಮ್ಮ ರೋಶನ್ ಬೀ ಜೊತೆ ನೂಲು ತೆಗೆದವಳು.

ಆ ಬಿಸಿನೀರಿನಿಂದ ಪಾರಾಗಲೆಂದೇ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೇರಿದಳು. ಕಾಲೇಜು ಒಂದು ಬೇಕರಿಯ ಮೇಲಿತ್ತು. ಬೋರ್ಡು ಮಾತ್ರ ಎಷ್ಟು ದೊಡ್ಡದೆಂದರೆ, ದೂರದ ಕೂಟಗಲ್ಲು ಹಳ್ಳಿಯ ಎಮ್ಮೆಗಳೂ ಅದನ್ನು ಓದಿಕೊಂಡೇ ಮೇಯುತ್ತಿದ್ದವು. ಒಳಗಿದ್ದುದು ಮಂಜುಗಣ್ಣಿನ ಒಂದು ಮೈಕ್ರೋಸ್ಕೋಪು, ಸೂಜಿ ಚುಚ್ಚಿ ಕಲಿಯಲು ಒಂದು ರಬ್ಬರ್ ಕೈ. ನಾಲ್ಕು ಬ್ಯಾಚಿನವರು ಚುಚ್ಚಿ ಚುಚ್ಚಿ ಅದರಲ್ಲಿ ಈಗ ರಾಗಿಹಿಟ್ಟು ಜರಡಿ ಹಿಡಿಯಬಹುದಿತ್ತು. ಹೊಸದೆಂದರೆ ಬಾಗಿಲ ಬಳಿಯ ಹಾಜರಿ ಮಿಷನ್ನು. ಹೆಬ್ಬೆರಳು ಒತ್ತಿದರೆ ‘ಥ್ಯಾಂಕ್ ಯೂ’ ಅನ್ನುತ್ತಿತ್ತು.

ಮೆಹ್ರೀನಳಿಗೆ ಅನ್ನಲಿಲ್ಲ. ಅವಳ ಬೆರಳ ಗೆರೆಗಳನ್ನು ಬಿಸಿನೀರು ಎಂದೋ ತಿಂದು ಮುಗಿಸಿತ್ತು. ಅಜ್ಜಿ ಕರೀಮುನ್ನೀಸಾ ಸಹಿ ಬಾರದೆ ಕಂಡ ಕಾಗದಕ್ಕೆಲ್ಲ ಹೆಬ್ಬೆಟ್ಟು ಒತ್ತಿ ಬದುಕಿದವಳು. ಚೆಂದಾಗಿ ಸಹಿ ಮಾಡುವ ಮೊಮ್ಮಗಳನ್ನು ಕಾಲೇಜಿನವರು ಹೆಬ್ಬೆಟ್ಟೇ ಕೇಳಿದರು! ‘ಆಮೇಲೆ ಸರಿಮಾಡೋಣ’ ಎಂದು ಎರಡು ವರ್ಷ ದೂಡಿದರು. ಪರೀಕ್ಷೆ ಬಂದಾಗ ಅವಳ ಹಾಜರಿ ಸೊನ್ನೆ. ಹಾಲ್ ಟಿಕೆಟ್ ಬರಲಿಲ್ಲ.

“ದಿನಾ ಮೊದಲ್ನೇ ಬೆಂಚಲ್ಲೇ ಕೂತಿದ್ದೆ ಸಾರ್. ನೀವೇ ನೋಡಿದೀರಲ್ಲ,” ಎಂದಳು ಪ್ರಿನ್ಸಿಪಾಲ್ ಮುನಿಶಾಮಯ್ಯನವರಿಗೆ.

“ನಾನ್ ನೋಡಿದ್ರೆ ಏನ್ ಬಂತವ್ವಾ? ಮಿಷನ್ ನೋಡಿಲ್ವಲ್ಲ!”

ಆ ಹೊತ್ತಿಗೇ ಅವರ ಸಕ್ಕರೆ ಕಾಯಿಲೆಯ ಪರೀಕ್ಷೆಗೆ ರಕ್ತ ತೆಗೆಯಲು ಸಹಪಾಠಿ ದೀಪು ಬಂದ. ದಿನಾ ಹೆಬ್ಬೆರಳು ಒತ್ತಿ ನೇರ ಟೀ ಅಂಗಡಿಗೆ ಹೋಗುತ್ತಿದ್ದವನು. ಹಾಜರಿ ನೂರಕ್ಕೆ ನೂರು. ಒಂದು ಚುಚ್ಚಿದ, ಎರಡು ಚುಚ್ಚಿದ.

“ಲೇ, ನಂದೇನ್ ರಬ್ಬರ್ ಕೈ ಏನ್ಲಾ? ಬುಡು! ಅವ್ವಾ ಮೆಹ್ರೀನ್, ಒಸಿ ನೀನ್ ನೋಡು.”

ಹೋಗಿಬಿಡೋಣ ಅನ್ನಿಸಿತು ಅವಳಿಗೆ. ಬೆರಳು ಕೇಳಲಿಲ್ಲ. ಗೂಡಿನ ಎಳೆ ಹುಡುಕುವ ಹಾಗೆ ಮೆಲ್ಲಗೆ ಸವರಿ, ಒಂದೇ ಸಲಕ್ಕೆ ನರ ಹಿಡಿದಳು. ಮುನಿಶಾಮಯ್ಯನವರಿಗೆ ಸೊಳ್ಳೆ ಕಚ್ಚಿದಷ್ಟೂ ನೋಯಲಿಲ್ಲ.

ಫಾರಂನಲ್ಲಿ ‘ರಕ್ತ ತೆಗೆದವರು’ ಎಂದೊಂದು ಖಾನೆಯಿತ್ತು.

“ನನ್ ಹೆಸ್ರು ಬರೀಲಾ ಸಾರ್?”

“ದೀಪು ಅಂತ ಬರಿಯವ್ವಾ,” ಎಂದರು, ಹತ್ತಿ ಒತ್ತಿಕೊಳ್ಳುತ್ತಾ. “ನೀನಿವತ್ತು ಬಂದಿರೋದ್ಕೆ ದಾಖಲೆ ಎಲ್ಲೈತೆ?”

ದುಂಡಗೆ ಬರೆದುಕೊಟ್ಟು ಮೆಟ್ಟಿಲಿಳಿದಳು.

ಮರುದಿನ ಬೆಳಿಗ್ಗೆ ಅವಳು ಮತ್ತೆ ಕುದಿನೀರಿಗೆ ಕೈ ಇಟ್ಟಾಗ ರೋಶನ್ ಬೀ ಸರಿದು ಜಾಗ ಕೊಟ್ಟಳು.